ಸಿಳ್ಳೆ ಹಕ್ಕಿಯ ರೆಕಾರ್ಡಿಂಗ್

ಬದುಕಿನ ಸಣ್ಣ ಸಂತೋಷಗಳೆಲ್ಲ ಪುಕ್ಕಟೆ ಸಿಗುತ್ತವೆ ಎನ್ನುವವರು ಕಾಫಿ ತೋಟದ ಮನೆಯಲ್ಲಿ ಒಂದು ಬೆಳಗ್ಗೆಯಾದರೂ ಕಳೆದವರಲ್ಲ. ಸಂತೋಷವೇನೋ ಪುಕ್ಕಟೆಯೇ. ಅದನ್ನು ಅನುಭವಿಸಲು ಎರಡು ನಿಮಿಷದ ಸೈಲೆನ್ಸ್ ಬೇಕಲ್ಲ, ಅದು ಮೂಡಿಗೆರೆಯಿಂದ ಆಲ್ದೂರಿನವರೆಗೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನಮ್ಮ ಮನೆ ಹಿಂದಿನ ಹಳ್ಳದ ಹತ್ತಿರ ಒಂದು ಸಿಳ್ಳೆ ಹಕ್ಕಿ ಇದೆ. ಕಪ್ಪುನೀಲಿ ಬಣ್ಣದ ಆಸಾಮಿ. ಮುಂಗಾರಿಗೆ ಮುಂಚಿನ ಮಳೆ ಒಂದೆರಡು ಬಿದ್ದರೆ ಸಾಕು, ಬೆಳಕು ಹರಿಯುವ ಹೊತ್ತಿಗೆ ಬಂದು, ಕೆಲಸವಿಲ್ಲದ ಪಡ್ಡೆ ಹುಡುಗ ಗೇಟಿಗೊರಗಿ ಸಿಳ್ಳೆ ಹಾಕಿದ ಹಾಗೆ ಒಂದು ರಾಗ ಎತ್ತಿಕೊಂಡು ಅರ್ಧಕ್ಕೇ ಮರೆತುಬಿಡುತ್ತದೆ. ನಾನು ಓದಿದ ಕಾನ್ವೆಂಟಿನ ಬೋರ್ಡಿಂಗಿನಲ್ಲೂ ಇದೇ ಜಾತಿಯದೊಂದು ಡಾರ್ಮಿಟರಿಯ ಕಿಟಕಿಯ ಕೆಳಗೆ ಹಾಡುತ್ತಿತ್ತು. ಸಿಳ್ಳೆ ಹಾಕುತ್ತಿರುವುದು ನಾವೇ ಎಂದು ನಮ್ಮ ಮದರ್ ಸುಪೀರಿಯರ್ ನಂಬಿದ್ದರು. ಹಿತ್ತಾಳೆ ಗಂಟೆ ಬಾರಿಸುತ್ತ ಬಂದು "ಸೈಲೆನ್ಸ್, ಗರ್ಲ್ಸ್" ಎಂದರೆ, ಆ ಸೈಲೆನ್ಸಿಗೆ ಊರ ನಾಯಿಗಳೆಲ್ಲ ಎದ್ದು ಬೊಗಳುತ್ತಿದ್ದವು. ನಾನೂ ಗೆಳತಿ ಫಿಲೋಮಿನಾಳೂ ದಿಂಬಿಗೆ ಬಾಯಿ ಒತ್ತಿಕೊಂಡು ನಗುತ್ತಿದ್ದೆವು.

ಆ ಫಿಲೋಮಿನಾ ಈಗ ಮಂಗಳೂರಿನ ಫ್ಲಾಟೊಂದರಲ್ಲಿ, ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾಳೆ. ಇನ್ನು ಘಾಟಿ ಹತ್ತಿ ಬರುವ ಮಾತಿಲ್ಲ. ಹೋದ ಮೇ ತಿಂಗಳಲ್ಲಿ ಫೋನ್ ಮಾಡಿ, "ನಮ್ಮ ಆ ವಿಸ್ಲಿಂಗ್ ಫೆಲೋ ಇನ್ನೂ ಬರ್ತಾನೇನೇ?" ಎಂದು ಕೇಳಿ ಸುಮ್ಮನಾದಳು. ಅವಳು ಸುಮ್ಮನಾಗುವ ಪೈಕಿಯೇ ಅಲ್ಲ. ನನಗೆ ಹೇಗೋ ಆಗಿ, ರೆಕಾರ್ಡ್ ಮಾಡಿ ಕಳಿಸುತ್ತೇನೆ ಎಂದು ಪ್ರಾಮಿಸ್ ಮಾಡಿಬಿಟ್ಟೆ. ಮಾಡುವುದಾದರೆ ಬೇಗ ಮಾಡಬೇಕು. ಮಳೆ ಹಿಡಿದರೆ ಹಳ್ಳದ ಮೊರೆತದಲ್ಲಿ ಹಕ್ಕಿಯೂ ಇಲ್ಲ, ರಾಗವೂ ಇಲ್ಲ.

ಖಾಲಿ ಕ್ಯಾಸೆಟ್ ಇರಲಿಲ್ಲ. ನಮ್ಮ ಯಜಮಾನರ ಯಕ್ಷಗಾನದ ಕ್ಯಾಸೆಟ್ಟಿನ ಮೇಲೆಯೇ ರೆಕಾರ್ಡ್ ಆಗಲೆಂದು ಅದರ ಮೂಲೆಯ ತೂತಿಗೆ ಟೇಪು ಅಂಟಿಸಿ, ಟೂ-ಇನ್-ವನ್ನನ್ನು ಹಿತ್ತಿಲ ಕಟ್ಟೆಯ ಮೇಲಿಟ್ಟು ಕಾದೆ. ಹಕ್ಕಿ ಬಂದು ಕೊರಳು ಸರಿಮಾಡಿಕೊಂಡಿತು. ಯಜಮಾನರೂ ಸರಿಮಾಡಿಕೊಂಡರು. ಅವರು ಹಲ್ಲುಜ್ಜಿ ಕ್ಯಾಕರಿಸುವುದನ್ನು ಕೇಳಿಯೇ ಕೂಲಿ ಲೈನಿನವರು ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಹಕ್ಕಿ ಎಲ್ಲಿ ನಿಂತೀತು? ಮಾರನೆಯ ದಿನ ಕುಕ್ಕರ್ ಕೂಗಿತು. ಎದುರಾಳಿ ಬಂದನೆಂದು ಹಕ್ಕಿಗೆ ಅವಮಾನವಾಗಿರಬೇಕು, ಹಾರಿಹೋಯಿತು. ಅದರಾಚೆ ದಿನ ಜೀಪು. ನಮ್ಮ ಜೀಪು ತಳ್ಳದೆ ಸ್ಟಾರ್ಟ್ ಆಗುವುದಿಲ್ಲ, ತಳ್ಳುವವರು "ಐಸಾ" ಎನ್ನದೆ ತಳ್ಳುವುದಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. ಸಂಜೆ ಎಲ್ಲರನ್ನೂ ಕರೆದು ಆರ್ಡರ್ ಹೊರಡಿಸಿದೆ. ಬೆಳಗ್ಗೆ ಕುಕ್ಕರ್ ಇಡಕೂಡದು, ಜೀಪು ಮುಟ್ಟಕೂಡದು, ಕ್ಯಾಕರಿಸಲೇಬೇಕೆಂದರೆ ದೇವರಮನೆ ಗುಡ್ಡ ಹತ್ತಿ ಕ್ಯಾಕರಿಸಬಹುದು.

"ಅಲ್ಲ ಮಾರಾಯ್ತಿ, ಹಕ್ಕಿಗೆ ಇಷ್ಟು ಮರ್ಯಾದೆ ಸಿಗೋದಾದ್ರೆ ನಾನೂ ಸಿಳ್ಳೆ ಕಲೀಲಾ?" ಎಂದರು ಯಜಮಾನರು.

ಅಡುಗೆಯ ಸರೋಜ ಮಾತ್ರ ನಿಜವಾದ ಆತಂಕದಿಂದ, "ಅಮ್ಮಾವ್ರೇ, ನಂಗೆ ಸೀನು ಬಂದ್ರೆ?" ಎಂದು ಕೇಳಿದಳು. ಹಿಡ್ಕೋ ಎಂದೆ.

ಮರುದಿನ ಯಜಮಾನರು ಬ್ರಷ್ಷು ಬಾಯಲ್ಲಿಟ್ಟುಕೊಂಡು ಪ್ರತಿಮೆಯಂತೆ ನಿಂತರು. ಸರೋಜ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಹಕ್ಕಿ ಹಾಡಿತು ನೋಡಿ, ಅಂಥ ಹಾಡು ನಾನು ಕೇಳಿರಲಿಲ್ಲ. ಮಧ್ಯಾಹ್ನ ಮಳೆ ಹಿಡಿದು ಕರೆಂಟೂ ಹೋಯಿತು. ಇನ್ನು ಕಾಯುವುದೇಕೆಂದು ಕೇಳಿಯೂ ನೋಡದೆ ಕ್ಯಾಸೆಟ್ಟನ್ನು ಪೋಸ್ಟಿಗೆ ಹಾಕಿಸಿದೆ.

ವಾರ ಕಳೆದು ಫಿಲೋಮಿನಾಳ ಫೋನು ಬಂತು. ನಕ್ಕು ನಕ್ಕು ಸೊಂಟ ನೋವು ಜಾಸ್ತಿಯಾಗಿದೆ ಎಂದಳು.

"ಬರ್ಡ್ ಫಸ್ಟ್ ಕ್ಲಾಸ್ ಕಣೇ. ಆದ್ರೆ ಮದರ್ ಹೋಗಿ ಎಷ್ಟೋ ವರ್ಷ ಆಯ್ತಲ್ಲ, ಅವರ ವಾಯ್ಸ್ ನಿಂಗೆ ಎಲ್ಲಿ ಸಿಕ್ತು?"

ನನಗೆ ಅರ್ಥವಾಗಲಿಲ್ಲ. ಆ ಬೆಳಗ್ಗೆ ನಾನು ಉಸಿರೂ ಬಿಟ್ಟಿಲ್ಲ ಎಂದು ವಾದಿಸಿದೆ. ಅವಳು ಟೇಪು ಹಾಕಿ ಫೋನಿನ ಹತ್ತಿರ ಹಿಡಿದಳು. ಹಕ್ಕಿ ಎರಡು ಸಾಲು ಹಾಡಿತು. ಆಮೇಲೆ ಯಾವುದೋ ಹೆಂಗಸು "ಸೈಲೆನ್ಸ್, ಸರೋಜಾ" ಎಂದು ಗುಡುಗಿದಳು. ಹಿಂದೆಯೇ ನಮ್ಮ ನಾಯಿ ಬೊಗಳಿತು. ರೆಕಾರ್ಡಿಂಗ್ ಅಲ್ಲಿಗೆ ಮುಗಿದು, ಅದರ ಹಿಂದೆ ಯಜಮಾನರ ಹಳೇ ಯಕ್ಷಗಾನದ ಚೆಂಡೆ.

ಫೋನ್ ಇಟ್ಟು ತಿರುಗಿದರೆ ಯಜಮಾನರೂ ಸರೋಜಳೂ ಬಾಗಿಲಲ್ಲಿ ನಿಂತಿದ್ದರು. ಏನಂತೆ ಎಂದು ಕೈಸನ್ನೆಯಲ್ಲೇ ಕೇಳಿದರು. ಪಾಪ, ಆರ್ಡರನ್ನು ನಾನಿನ್ನೂ ವಾಪಸ್ ತೆಗೆದುಕೊಂಡಿರಲಿಲ್ಲ.