ಎರಡು ಕಾರು, ಒಂದು ಬಲಗಾಲು

ಮನೆಯ ಆಡಳಿತದಲ್ಲಿ ನನ್ನ ಕೈಯಲ್ಲಿ ಉಳಿದಿದ್ದದ್ದು ಒಂದೇ ಖಾತೆ, ಕಾರಿನದು. ಪರದೆಯ ಬಣ್ಣ, ಸೋಫಾ ಇಡುವ ಜಾಗ, ನಾನು ತೊಡುವ ಅಂಗಿ, ಇವೆಲ್ಲ ಒಂದೊಂದಾಗಿ ಹೆಂಡತಿಯ ವಶಕ್ಕೆ ಹೋಗಿದ್ದವು. ನಾನು ಯಾವುದಕ್ಕೂ ತಕರಾರು ಮಾಡಿರಲಿಲ್ಲ (ಮಾಡಿದ್ದೆ, ಯಾರೂ ಕೇಳಿಸಿಕೊಂಡಿರಲಿಲ್ಲ). ಹಾಗಾಗಿ ನಮ್ಮ ಹಳೆಯ ಕಾರು ಗೇಟಿನ ಬಳಿ ಶಾಶ್ವತವಾಗಿ ನಿಂತು, ಹೊಸದು ಕೊಳ್ಳಲೇಬೇಕೆಂದಾದಾಗ ನಾನು ಮೀಸೆ ತಿರುವಿ, ಡೀಸೆಲ್ ಕಾರು ಎಂದು ಘೋಷಿಸಿದೆ.

"ಹೈಬ್ರಿಡ್," ಎಂದಳು ಹೆಂಡತಿ. "ಪೆಟ್ರೋಲ್ ಎಂಜಿನ್ನೂ ಇರುತ್ತೆ, ಬ್ಯಾಟರಿ ಮೋಟಾರೂ ಇರುತ್ತೆ. ಓಡಿಸೋ ಖರ್ಚು ಕಡಿಮೆ."

"ಕಾರಿನ ವಿಷಯ ನನಗೆ ಬಿಡು."

"ಬಿಟ್ಟಿದ್ದಕ್ಕೇ ಅಲ್ವೇನ್ರೀ ಅದು ಅಲ್ಲಿ ನಿಂತಿರೋದು?"

ನನ್ನ ಅಣ್ಣನ ಬಳಿ ಡೀಸೆಲ್ ಕಾರಿದೆ. ಅದರ ಬಗ್ಗೆ ಅವನು ಮಾತಾಡುವಷ್ಟು ಮಕ್ಕಳ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವಳ ತಮ್ಮನ ಬಳಿ ಹೈಬ್ರಿಡ್ ಇದೆ. ಎರಡು ವಂಶಗಳ ಮಾನ ಹೀಗೆ ಎರಡು ಇಂಧನಗಳ ಮೇಲೆ ನಿಂತಿತ್ತು. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವವಳು. ಪರೀಕ್ಷೆಯಾಗದ ಯಾವುದನ್ನೂ ನಂಬುವವಳಲ್ಲ. ಎರಡು ಕಾರುಗಳನ್ನೂ ಎರವಲು ತಂದು, ಒಂದೇ ದಿನ, ಒಂದೇ ರಸ್ತೆಯಲ್ಲಿ ಓಡಿಸಿ ನೋಡೋಣ ಎಂದಳು. ಕಡಿಮೆ ಖರ್ಚಿನದನ್ನು ಕೊಳ್ಳುವುದು. ಸೋತವರು ಇನ್ನು ಮುಂದೆ ಕಾರಿನ ವಿಷಯದಲ್ಲಿ ಬಾಯಿ ತೆರೆಯಬಾರದು. ಗೆಲುವು ಖಚಿತವೆಂದು ನಾನು ತಕ್ಷಣ ಒಪ್ಪಿದೆ.

ಭಾನುವಾರ ಪಕ್ಕದ ಊರಿನಲ್ಲಿರುವ ಅವಳ ಚಿಕ್ಕಮ್ಮನ ಮನೆಗೆ ಹೋಗಿ ಬರುವುದೆಂದಾಯಿತು. ಕಾರು ಬಿಟ್ಟುಹೋಗಲು ಬಂದ ಅಣ್ಣ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಅಂಗೈಯನ್ನು ತಾನೇ ಮುಚ್ಚಿದ. "ಲೋ, ವಾರಕ್ಕೊಂದ್ಸಲನಾದ್ರೂ ಇದನ್ನ ದೂರ ಓಡಿಸಿ ಬಿಸಿ ಮಾಡ್ಬೇಕು. ಬರೀ ಬೀದಿ ಸುತ್ತಿದ್ರೆ ಹೊಗೆ ಫಿಲ್ಟರ್ ಕಟ್ಕೊಳ್ಳುತ್ತೆ, ದುಡ್ಡು ಕಕ್ಕಿಸುತ್ತೆ."

ಭಾವಮೈದುನ ತನ್ನ ಕಾರಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿ ತೋರಿಸಿದ. "ಭಾವ, ಇದ್ರಲ್ಲಿ ಬ್ರೇಕ್ ಹಾಕಿದ್ರೆ ಕರೆಂಟ್ ತಯಾರಾಗುತ್ತೆ. ಪುಕ್ಕಟೆ."

ಅಂದರೆ ಡೀಸೆಲ್ ಕೊಂಡರೆ ಉಳಿತಾಯಕ್ಕಾಗಿ ಕೆಲಸವಿಲ್ಲದೆಯೂ ಓಡಿಸಬೇಕು. ಹೈಬ್ರಿಡ್ ಕೊಂಡರೆ ಲಾಭಕ್ಕಾಗಿ ನಿಲ್ಲಿಸುತ್ತಿರಬೇಕು. ನನ್ನ ತಲೆ ಕೆಡತೊಡಗಿದ್ದು ಅಲ್ಲಿಂದಲೇ.

ಬೆಳಿಗ್ಗೆ ಬಂಕಿನಲ್ಲಿ ಎರಡೂ ಟ್ಯಾಂಕುಗಳನ್ನು ಕಂಠಪೂರ್ತಿ ತುಂಬಿಸಿ ಹೊರಟೆವು. ನಾನು ಡೀಸೆಲ್ಲಿನಲ್ಲಿ, ಅವಳು ಹೈಬ್ರಿಡ್ಡಿನಲ್ಲಿ. ತಂಗಿಯನ್ನು ನೋಡಲು ಹೊರಟಿದ್ದ ಅತ್ತೆಯವರು, ಅಳಿಯಂದಿರು ಒಬ್ಬರೇ ಹೋಗುವುದು ಚೆನ್ನಾಗಿರುವುದಿಲ್ಲವೆಂದು ನನ್ನ ಪಕ್ಕ ಕುಳಿತರು. ಅಣ್ಣನ ಕಾರಿನ ಎಳೆತ ಎಂಥದ್ದೆಂದು ಅವರಿಗೂ ತಿಳಿಯಲಿ ಎಂದು ಹಸಿರು ದೀಪ ಬಿದ್ದ ಕೂಡಲೇ ಆಕ್ಸಿಲರೇಟರ್ ಮೇಲೆ ಕಾಲು ಒತ್ತಿದೆ. ಅತ್ತೆಯವರ ಕನ್ನಡಕ ಹಿಂದಿನ ಸೀಟಿಗೆ ಹೋಯಿತು.

"ಮುಂದಿನ ದೀಪ ಕೆಂಪಿದೆಯಲ್ಲಾ ಅಳಿಯಂದ್ರೆ, ಅಷ್ಟು ಬೇಗ ಹೋಗಿ ಅಲ್ಲಿ ಮಾಡೋದೇನು?"

"ಎಂಜಿನ್ ಬಿಸಿಯಾಗ್ಬೇಕು, ಅತ್ತೆ."

ಅವರು ತಮ್ಮ ಕೈಚೀಲವನ್ನು ಎರಡೂ ಕೈಯಿಂದ ತಬ್ಬಿಕೊಂಡರು.

ಚಿಕ್ಕಮ್ಮನ ಊರಿನ ಬಂಕಿನಲ್ಲಿ ಮತ್ತೆ ತುಂಬಿಸಿ ನೋಡಿದರೆ ಹೈಬ್ರಿಡ್ಡಿನ ಬಿಲ್ಲು ನನ್ನದರ ಅರ್ಧ. ಹೆಂಡತಿ ಎರಡೂ ಬಿಲ್ಲುಗಳನ್ನು ಪಕ್ಕಪಕ್ಕ ಹಿಡಿದು ನಕ್ಕಳು. ನಾನು ಶಾಲೆಯಲ್ಲಿ ಭೂಗೋಳ ಪಾಠ ಮಾಡುವವನು, ಕಾರಣಗಳಿಗೆ ನನ್ನಲ್ಲಿ ಬರವಿಲ್ಲ. ಎದುರುಗಾಳಿ, ರಸ್ತೆಯ ಏರು, ಗಾಳಿಯ ತೇವ, ಎಲ್ಲವನ್ನೂ ವಿವರಿಸಿದೆ.

"ನಾನೂ ಅದೇ ರಸ್ತೇಲಿ ಬಂದೆ," ಎಂದಳು. "ನನಗೆ ಬೇರೆ ಗಾಳಿ ಬೀಸ್ತಾ?"

"ಹಾಗಲ್ಲ. ನೀನು ಓಡಿಸೋ ರೀತಿ ಬೇರೆ. ನ್ಯಾಯ ಅಂದ್ರೆ ವಾಪಸ್ಸು ಹೋಗುವಾಗ ಅದಲು ಬದಲಾಗ್ಬೇಕು."

ಈ ನ್ಯಾಯವನ್ನು ಎತ್ತಿದವನು ನಾನೇ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಸಂಜೆ ನಾನು ಹೈಬ್ರಿಡ್ ಹತ್ತಿದೆ. ಅತ್ತೆಯವರು ಸ್ವಲ್ಪ ಹೊತ್ತು ಎರಡೂ ಕಾರುಗಳನ್ನು ನೋಡಿ, ಮರ್ಯಾದೆಗೆ ಕಟ್ಟುಬಿದ್ದು ನನ್ನ ಪಕ್ಕದಲ್ಲೇ ಕುಳಿತರು. ಹೈಬ್ರಿಡ್ ಸೋಲಬೇಕೆಂಬ ಆಸೆ ನನಗಿತ್ತು, ನಿಜ. ಆದರೆ ಎದುರಾಳಿಗೂ ಅನ್ಯಾಯವಾಗಬಾರದು. ಬ್ರೇಕಿನಿಂದ ಪುಕ್ಕಟೆ ಕರೆಂಟು ಬರುವುದಾದರೆ ಬ್ರೇಕ್ ಹಾಕುವ ಅವಕಾಶಗಳನ್ನು ಧಾರಾಳವಾಗಿ ಒದಗಿಸಿಕೊಡಬೇಕು. ಬ್ರೇಕ್ ಹಾಕಬೇಕಾದರೆ ಮೊದಲು ವೇಗವಿರಬೇಕು. ಹಾಗಾಗಿ ನಾನು ಓಡಿದೆ, ನಿಂತೆ, ಓಡಿದೆ, ನಿಂತೆ. ಖಾಲಿ ರಸ್ತೆಯಲ್ಲೂ ನಿಂತೆ. ಹಿಂದಿನ ಲಾರಿಯವನು ಪಕ್ಕಕ್ಕೆ ಬಂದು, ಕಿಟಕಿ ಇಳಿಸಿ, ನನ್ನ ಆರೋಗ್ಯ ವಿಚಾರಿಸಿದ.

"ಏನಾಗ್ತಿದೆ ಅಳಿಯಂದ್ರೆ?" ಅತ್ತೆಯವರ ದನಿ ಸಣ್ಣಗಾಗಿತ್ತು.

"ಕರೆಂಟ್ ಸಂಪಾದನೆ ಮಾಡ್ತಿದೀನಿ."

"ಸಾಕು ಬಿಡಿ. ಮನೇಲಿರೋದೇ ನಾಲ್ಕು ದೀಪ."

ಊರಿನ ಬಂಕಿನಲ್ಲಿ ಮೂರನೆಯ ಸಲ ಟ್ಯಾಂಕ್ ತುಂಬಿಸಿದೆವು. ಈ ಸಲ ಡೀಸೆಲ್ಲಿನ ಬಿಲ್ಲು ಹೈಬ್ರಿಡ್ಡಿನ ಅರ್ಧ. ಬಂಕಿನವನ ಎದುರೇ ನಾನು ಹೆಂಡತಿಯ ಕೈ ಕುಲುಕಿದೆ.

"ಬೆಳಿಗ್ಗೆ ಹೈಬ್ರಿಡ್ ಗೆದ್ದಿತ್ತಲ್ಲ," ಎಂದಳು ಅವಳು.

"ಈಗ ಡೀಸೆಲ್ ಗೆದ್ದಿದೆಯಲ್ಲ."

ಮನೆಗೆ ಬಂದು ಊಟದ ಮೇಜಿನ ಬಳಿ ಕುಳಿತು ಎರಡನ್ನೂ ಕೂಡಿಸಿದರೆ ಡೀಸೆಲ್ಲಿಗಾದಷ್ಟೇ ಖರ್ಚು ಹೈಬ್ರಿಡ್ಡಿಗೂ ಆಗಿತ್ತು. ಅಣ್ಣನಿಗೆ ಫೋನ್ ಮಾಡಿದೆ. ಬೆಳಗಿನ ಲೆಕ್ಕ ಸುಳ್ಳು ಎಂದ. ಭಾವಮೈದುನ ಸಂಜೆಯದು ಸುಳ್ಳು ಎಂದ. ಇಬ್ಬರ ಮಾತನ್ನೂ ನಂಬಿದರೆ ನಾವು ಎಲ್ಲಿಗೂ ಹೋಗಿಯೇ ಇರಲಿಲ್ಲ. ಎರಡೂ ಗೆದ್ದು ಎರಡೂ ಸೋಲುವುದು ಹೇಗೆಂದು ನಾನು ತಲೆ ಹಿಡಿದು ಕುಳಿತೆ. ಹೆಂಡತಿಯೂ ಗೊಂದಲದಲ್ಲಿದ್ದಳು. ಮದುವೆಯಾದಾಗಿನಿಂದ ನಾವಿಬ್ಬರೂ ಒಂದೇ ಗೊಂದಲದಲ್ಲಿದ್ದದ್ದು ಅದೇ ಮೊದಲು. ಒಂದು ಬಗೆಯ ಆತ್ಮೀಯತೆಯೂ ಮೂಡಿತ್ತು.

ಸೋಫಾದ ಮೇಲೆ ಒದ್ದೆ ಬಟ್ಟೆಯನ್ನು ಹಣೆಗೆ ಹಾಕಿಕೊಂಡು ಮಲಗಿದ್ದ ಅತ್ತೆಯವರು ಕಣ್ಣು ತೆರೆಯದೆ ಹೇಳಿದರು. "ಕಾರುಗಳ ವಿಷಯ ನನಗೆ ಗೊತ್ತಾಗಲ್ಲಮ್ಮ. ಹೋಗ್ತಾನೂ ಬರ್ತಾನೂ ನಾನು ಕೂತಿದ್ದ ಕಾರೇ ಜಾಸ್ತಿ ಕುಡೀತು. ನನ್ನ ತೂಕಕ್ಕಂತೂ ಅಷ್ಟು ಆಗಲ್ಲ."

ಹೆಂಡತಿ ನಿಧಾನವಾಗಿ ತಲೆಯೆತ್ತಿ ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ, ಮೇಜಿನ ಕೆಳಗೆ ನನ್ನ ಬಲಗಾಲನ್ನು ನೋಡಿದಳು. ಲ್ಯಾಬಿನಲ್ಲಿ ಕಾಯಿಲೆ ಕಂಡುಹಿಡಿದಾಗಲೂ ಅವಳು ಹೀಗೆಯೇ ನೋಡುತ್ತಾಳೆ ಎಂದು ಅವಳ ಸಹೋದ್ಯೋಗಿಗಳು ಹೇಳಿದ್ದುಂಟು.

"ಅದು ಕಾಕತಾಳೀಯ," ಎಂದೆ.

"ಹಾಗಾದ್ರೆ ಇನ್ನೊಂದ್ಸಲ ನೋಡೋಣ."

ಮರುದಿನ ಸಂಜೆ ಅದೇ ರಸ್ತೆಯಲ್ಲಿ ಎರಡೂ ಕಾರುಗಳನ್ನು ಒಂದಾದ ಮೇಲೊಂದರಂತೆ ಅವಳೇ ಓಡಿಸಿದಳು. ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವಳು ಮಾತ್ರ ಮೃದುವಾಗಿ, "ಯಾವುದಾದರೇನಂತೆ, ನಿಮಗೆ ಡೀಸೆಲ್ ಇಷ್ಟ ಅಲ್ವಾ? ಅದೇ ತಗೊಳ್ಳೋಣ," ಎಂದಳು. ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ತಕ್ಷಣ ಅಣ್ಣನಿಗೆ ಫೋನ್ ಮಾಡಿ ಗೆದ್ದೆವು ಎಂದೆ. ಶೋರೂಮಿಗೆ ಹೋಗಿ ಬಣ್ಣವನ್ನೂ ನಾನೇ ಆರಿಸಿದೆ.

ಕಾರು ಕೊಡುವ ದಿನ ಶೋರೂಮಿನವನು ಚಾಲಕರ ಸೀಟನ್ನು ಯಾರ ಎತ್ತರಕ್ಕೆ ಹೊಂದಿಸಲಿ ಎಂದು ಕೇಳಿದ. ಹೆಂಡತಿ ಹೋಗಿ ಕುಳಿತಳು. ಅವನು ಎರಡು ಕೀಲಿ ಕೊಟ್ಟ. ಒಂದನ್ನು ಅವಳು ಇಟ್ಟುಕೊಂಡಳು, ಇನ್ನೊಂದನ್ನು ಅತ್ತೆಯವರು ಕೈಚೀಲಕ್ಕೆ ಹಾಕಿ ಜಿಪ್ ಎಳೆದರು. ಪಕ್ಕದ ಸೀಟಿನಲ್ಲಿ ಕುಳಿತ ನಾನು ಮೊದಲ ತಿರುವಿನಲ್ಲೇ ಇಲ್ಲದ ಬ್ರೇಕನ್ನು ಒತ್ತಿದೆನೆಂದು, ಅದರಿಂದ ಓಡಿಸುವವರ ಗಮನ ಕೆಡುತ್ತದೆಂದು, ದಾರಿಯಲ್ಲೇ ನನ್ನನ್ನು ಇಳಿಸಿ ಅತ್ತೆಯವರನ್ನು ಮುಂದೆ ಕೂರಿಸಲಾಯಿತು.

ರಾತ್ರಿ ಅಣ್ಣ ಫೋನ್ ಮಾಡಿದ. "ಹೇಗಿದೆಯೋ? ಏರಿನಲ್ಲಿ ಎಳೆತ ನೋಡಿದ್ಯಾ?"

"ಹಿಂದಿನ ಸೀಟಲ್ಲಿ ಕಾಲು ಚಾಚೋಕೆ ಜಾಗ ಚೆನ್ನಾಗಿದೆ ಕಣಣ್ಣಾ," ಎಂದೆ.