ಮಾವನ ಕೋವಿಯ ಹೆಬ್ಬೆಟ್ಟು

ನನ್ನ ಸೋದರಮಾವನ ಕೋವಿಯಿಂದ ಈವರೆಗೆ ಒಂದು ಮಂಗವೂ ಸತ್ತಿಲ್ಲವೆಂದು ಪ್ರಮಾಣ ಮಾಡಿ ಹೇಳಬಲ್ಲೆ. ಸಾಕ್ಷ್ಯ ಅವರ ಬಿಸ್ಕತ್ತಿನ ಡಬ್ಬಿಯಲ್ಲಿದೆ!

ಹೊಸನಗರದ ಕಡೆ ಬೆಳೆ ಕಾಯಲು ಪರವಾನಗಿಯ ಕೋವಿ ಇಟ್ಟುಕೊಂಡವರು ಬೇಕಾದಷ್ಟು. ಹಾರಿಸಿದ ಖಾಲಿ ತೋಟಾವನ್ನು ಒರೆಸಿ, ಚೀಟಿ ಸುತ್ತಿ ಇಡುವವರು ಇವರೊಬ್ಬರೇ. ‘ಮಂಗ. ತಾಗಲಿಲ್ಲ.’ ‘ಹಂದಿ. ತಾಗಲಿಲ್ಲ.’ ‘ಹಂದಿಯೋ ಗೊತ್ತಿಲ್ಲ. ತಾಗಲಿಲ್ಲ.’ ಅವರ ಮಗಳನ್ನು ನೋಡಲು ಬಂದ ಗಂಡಿನವರ ಮುಂದೆ ಕೇಸರಿಬಾತಿಗಿಂತ ಮೊದಲು ಬಂದದ್ದು ಈ ಡಬ್ಬಿ ಮತ್ತು ಭೂತಗನ್ನಡಿ.

"ಕುದುರೆ, ಅಂದ್ರೆ ಬೆರಳಿಡೋ ಈ ಕೊಕ್ಕೆ, ಎಳೆದ್ರೆ ಒಳಗಿನ ಸೂಜಿ ತೋಟಾದ ಬುಡಕ್ಕೆ ಬಡೀತದೆ," ಎಂದು ಶುರುಮಾಡಿದರು ಮಾವ. " ನಮ್ಮ ಕೋವಿ ಸೂಜಿ ಎಡಕ್ಕೆ ವಾಲಿದೆ. ನೋಡಿ, ಎಲ್ಲದರಲ್ಲೂ ಗುಳಿ ಎಡಕ್ಕೇ! ಕೋವಿಯ ಹೆಬ್ಬೆಟ್ಟು ಇದು."

"ಕೋವಿ ಇರ್ಲಿ, ಹುಡುಗೀನ ಕರೀರಿ," ಎಂದರು ಗಂಡಿನ ತಂದೆ.

ಕಳೆದ ವರ್ಷ ಒಂದು ಬೆಳಿಗ್ಗೆ ಸಾಗರದಿಂದ ಅವರ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಮಾತಾಡುತ್ತಿದ್ದ ಮಾವ ಎಲೆಅಡಿಕೆಗೆ ಸುಣ್ಣ ತರಲು ಎದ್ದು ಹೋದರು. ಆಗಲೇ ಬೇಲಿಯಾಚೆ ಈಡಿನ ಸದ್ದು, ಹಿಂದೆಯೇ ಕೂಗು. ಪಕ್ಕದ ಮನೆಯವರ ಕಾಲಿಗೆ ಸೀಸದ ಚರೆಗಳು ಹೊಕ್ಕಿದ್ದವು. ಓಡಿಹೋಗಿ ಗಾಯಕ್ಕೆ ನನ್ನ ಟವೆಲು ಕಟ್ಟಿದೆ. ಬೇಲಿಯ ಬುಡದಲ್ಲಿ ಒಂದು ಖಾಲಿ ತೋಟಾ ಬಿದ್ದಿತ್ತು. ಅಲ್ಲಿಗೆ ಹತ್ತಿರದ ಕೋವಿ ಮಾವನದೇ!

"ಸದ್ದು ಬಂದಾಗ ನಿಮ್ಮ ಮಾವ ಎದುರಿಗಿದ್ರಾ?" ಎಂದು ಕೇಳಿದರು ಪೊಲೀಸರು.

ಹೌದೆನ್ನುವುದು ಎಷ್ಟು ಸುಲಭವಿತ್ತು! "ಒಳಗೆ ಹೋಗಿದ್ರು. ಮೂರು ನಿಮಿಷ ಆಗಿರಬಹುದು. ಆಗ ನಾನು ಅವರನ್ನು ನೋಡಲಿಲ್ಲ," ಎಂದೆ.

"ಅಳಿಯ ಅಂತೆ, ಅಳಿಯ!" ಎಂದರು ಅತ್ತೆ. "ಆ ಮೂರು ನಿಮಿಷ ನುಂಗ್ಕೊಂಡಿದ್ರೆ ಗಂಟಲು ಹರೀತಿತ್ತಾ?"

ಮಾವ ಮಾತ್ರ ಕೋವಿಯ ಜೊತೆಗೆ ಡಬ್ಬಿಯನ್ನೂ ಕೊಟ್ಟು, "ಚೀಟಿ ಅದಲು ಬದಲು ಮಾಡ್ಬೇಡಿ ಸಾಹೇಬ್ರೆ," ಎಂದರು.

ನುಣುಪು ನಳಿಗೆಯ ಕೋವಿಯಾದ್ದರಿಂದ ಚರೆಗಳ ಮೇಲೆ ಗುರುತು ಸಿಗುವುದಿಲ್ಲವಂತೆ. ಪ್ರಯೋಗಾಲಯದಲ್ಲಿ ಅದೇ ಕೋವಿಯಿಂದ ಹಾರಿಸಿ, ಆ ತೋಟಾವನ್ನು ಬೇಲಿಯ ತೋಟಾದ ಪಕ್ಕ ಸೂಕ್ಷ್ಮದರ್ಶಕದಡಿ ಇಟ್ಟು ನೋಡಬೇಕು. ವರದಿ ಬರುವವರೆಗೆ ನಾನು ಕೂತಲ್ಲಿ ಕೂರಲಿಲ್ಲ. ಫೋನು ಸದ್ದು ಮಾಡಿದರೆ ಎದ್ದು ನಿಲ್ಲುತ್ತಿದ್ದೆ. ಬಸ್ಸಿನಿಂದ ಎರಡು ಸಲ ಬೇರೆ ಊರಲ್ಲೇ ಇಳಿದೆ!

ಕೊನೆಗೆ ವರದಿ ಬಂತು. ಬೇಲಿಯ ತೋಟಾದ ಗುಳಿ ನಟ್ಟನಡುವೆ ಇತ್ತು. ಅದು ಹೊಂದಿದ್ದು ತೀರ್ಥಹಳ್ಳಿ ಕಡೆಯಿಂದ ಹಂದಿ ಹೊಡೆಯಲು ಬಂದು ಪೊಲೀಸರ ಕೈಗೆ ಸಿಕ್ಕವನೊಬ್ಬನ ಕೋವಿಗೆ.

ಡಬ್ಬಿ ಮನೆಗೆ ಮರಳಿದ ಮೇಲೆ ಹೋದೆ. ತಲೆ ಎತ್ತಲಾಗಲಿಲ್ಲ.

"ಸುಣ್ಣದ ಡಬ್ಬಿ ಇನ್ಮೇಲೆ ಜಗಲೀಲೇ ಇಡ್ತೀನಿ ಮಾರಾಯ," ಎಂದು ನಕ್ಕು ಮಾವ ಕಾಫಿ ತರಲು ಒಳಗೆ ಹೋದರು.

ಬಿಸ್ಕತ್ತಿನ ಡಬ್ಬಿ ತೆರೆದೆ. ತೋಟಾಗಳ ಮೇಲೆ, ಯಾವುದಕ್ಕೂ ಸುತ್ತದ ಒಂದು ಹೊಸ ಚೀಟಿ ಇತ್ತು.

‘ಅಳಿಯ. ಕಂಡಷ್ಟೇ ಹೇಳಿದ.’