ಭಟ್ಕಳದ ಕ್ಯಾಮರಾ, ನೀಲಿ ಪರದೆ

ತಾನು ಆರಿಸಿ ತಂದ ವಸ್ತುವೇ ಕೆಟ್ಟದ್ದು ಎಂದು ಒಪ್ಪಿಕೊಂಡ ಗಂಡಸನ್ನು ನಾನಿನ್ನೂ ಕಂಡಿಲ್ಲ. ಕನ್ನಡಿಯಲ್ಲಂತೂ ಕಂಡೇ ಇಲ್ಲ. ಕುಮಟೆಯ ನಮಗೆ ಫಾರಿನ್ ಮಾಲೆಂದರೆ ಭಟ್ಕಳದ ಪೇಟೆ. ಅಲ್ಲಿಂದ ಬಂದ ಸೆಂಟು, ಟಾರ್ಚುಗಳನ್ನು ಅನುಮಾನಿಸುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಹಾಗಾಗಿ ಹೆಂಡತಿ ಶಾಲಿನಿಯ ಆನ್‌ಲೈನ್ ಗಣಿತದ ಟ್ಯೂಶನ್ನಿಗೆ ಕ್ಯಾಮರಾವನ್ನೂ ಅಲ್ಲಿಂದಲೇ ತಂದೆ. "ಹಳೇ ಮಾಡೆಲ್ಲು ಸಾಹೇಬ್ರೆ, ಸರಿಯಾದ ಡ್ರೈವರ್ ನೋಡಿ ಹಾಕ್ಕೊಳ್ಳಿ" ಎಂದು ಅಂಗಡಿಯವರು ಹೇಳಿದ್ದರು. ಡ್ರೈವರ್ ಎಂದರೆ ಕ್ಯಾಮರಾ ಹೇಳಿದ್ದನ್ನು ಕಂಪ್ಯೂಟರಿಗೆ ತಿಳಿಸುವ ಪ್ರೋಗ್ರಾಮು; ಕೊಂಕಣಿಯವರಿಗೂ ಕನ್ನಡದವರಿಗೂ ನಡುವೆ ಕೂರುವ ದುಭಾಷಿಯ ಹಾಗೆ. ಅಷ್ಟು ನನಗೆ ಗೊತ್ತಿಲ್ಲವೇ? ಮನೆಗೆ ಬಂದು ಇಂಟರ್‌ನೆಟ್ಟಿನಲ್ಲಿ ಮೊದಲು ಸಿಕ್ಕಿದ್ದನ್ನೇ ಹಾಕಿದೆ.

ಅಲ್ಲಿಂದ ಶುರುವಾಯಿತು ನೋಡಿ. ಸಂಜೆ ಬಸ್ಸಿಲ್ಲದೆ ಪೇಟೆಯ ಟ್ಯೂಶನ್ನಿಗೆ ಬರಲಾಗದ ಕತಗಾಲ, ಗೇರುಸೊಪ್ಪದ ಮಕ್ಕಳಿಗಾಗಿ ಶಾಲಿನಿ ಆ ತರಗತಿ ಕಟ್ಟಿದ್ದಳು. ಪ್ರಮೇಯ ಅರ್ಧಕ್ಕೆ ಬಂದಿತೆಂದರೆ ಪರದೆ ನೀಲಿ, ಕಂಪ್ಯೂಟರ್ ಠುಸ್. ನಾನು ಕರೆಂಟನ್ನು ಬೈದೆ. ಕಡಲಿನ ಉಪ್ಪುಗಾಳಿಯನ್ನು ಬೈದೆ. ಯುಪಿಎಸ್ ಬದಲಾಯಿಸಿದೆ. ಕೊನೆಗೆ, ನೀನು ಕೀ ಒತ್ತುವ ಕ್ರಮವೇ ಸರಿಯಿಲ್ಲ ಎಂದು ಅವಳನ್ನೂ ಬೈದೆ.

"ಕ್ಯಾಮರಾ ಬಂದ ಮೇಲೇ ಅಲ್ದಾ ಇದೆಲ್ಲ? ಒಂದೊಂದೇ ತೆಗೀತಾ ಹೋಗುವಾ. ಯಾವ್ದು ತೆಗ್ದ ಮೇಲೆ ಸರಿಯಾಗ್ತದೋ, ತಪ್ಪು ಅದ್ರದ್ದೇ" ಎಂದಳು ಅವಳು.

"ಭಟ್ಕಳದ್ದು ಅದು, ನಿಂಗೆ ಎಂತ ಗೊತ್ತು?" ಎಂದೆ. ಗಣಿತದ ಟೀಚರಿಗೆ ಹೇಳುವ ಮಾತೇ ಇದು?

ಮಕ್ಕಳ ತಂದೆತಾಯಿಗಳು ನನ್ನ ಮರ್ಯಾದೆಗಾಗಿ ಎಷ್ಟು ದಿನ ಕಾದಾರು? ಒಬ್ಬೊಬ್ಬರಾಗಿ ಮಕ್ಕಳನ್ನು ಹೊನ್ನಾವರದ ಇನ್ನೊಬ್ಬರ ಆನ್‌ಲೈನ್ ಕ್ಲಾಸಿಗೆ ಸೇರಿಸಿದರು. ಗೇರುಸೊಪ್ಪದ ಹುಡುಗಿಯೊಬ್ಬಳು ಉಳಿದಳು. ಆಗ ಶಾಲಿನಿ ಪೇಟೆಗೆ ಹೋದ ಹೊತ್ತು ನೋಡಿ, ಕಳ್ಳನ ಹಾಗೆ ಕೂತು, ತೀರಾ ಬೇಕಾದ ಪ್ರೋಗ್ರಾಮುಗಳಷ್ಟೇ ಓಡುವ ಸೇಫ್ ಮೋಡಿನಲ್ಲಿ ಕಂಪ್ಯೂಟರ್ ತೆರೆದು ಆ ಡ್ರೈವರನ್ನು ಕಿತ್ತೆ. ಕಂಪ್ಯೂಟರ್ ಆಮೇಲೆ ಒಮ್ಮೆಯೂ ಕೆಮ್ಮಲಿಲ್ಲ. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅವಳ ದುಡಿಮೆಯ ಮೇಲೆ ಕಲ್ಲು ಹಾಕಿದವನು ನಾನೇ.

"ಆತು, ಸರಿಯಾತು" ಎಂದೆ ಅವಳು ಬಂದೊಡನೆ.

"ಎಂತಕ್ಕೆ ಈಗ? ಮಕ್ಳೆಲ್ಲ ಹೋದ್ರಲ್ಲ" ಎಂದಳು, ತರಕಾರಿ ಚೀಲ ಇಳಿಸುತ್ತ.

ಉಳಿದ ಒಬ್ಬಳಿಗೆ ಅವಳೀಗ ಕಂಪ್ಯೂಟರಿನ ಗೊಡವೆಯೇ ಬೇಡವೆಂದು ಅಕ್ಕಿ ಡಬ್ಬಿಗೆ ಮೊಬೈಲು ಒರಗಿಸಿ ಪಾಠ ಮಾಡುತ್ತಾಳೆ. ಮೊದಲ ದಿನ ನಾನು ಹಿಂದೆ ಕುರ್ಚಿ ಹಾಕಿಕೊಂಡು, ಮೊಬೈಲು ಸ್ವಲ್ಪ ಎಡಕ್ಕಿರಲಿ ಎಂದೆ.

"ನೀವು ಸ್ವಲ್ಪ ಹೊರಗೆ ಕೂತ್ಕಣಿ, ನೋಡುವಾ" ಎಂದಳು.

ಜಗಲಿಯಲ್ಲಿ ಕೂತೆ. ಒಳಗೆ ಪಾಠ ಎಲ್ಲೂ ನಿಲ್ಲದೆ ಮುಗಿಯಿತು. ಮರುದಿನ ನೋಡಿದರೆ, ನನ್ನ ಕುರ್ಚಿ ಮೊದಲೇ ಹೊರಗಿತ್ತು.